ಬಕೆಟ್ಟು ತುಂಬುವ ಸದ್ದು

ನಮ್ಮ ಮನೆಯ ಬಚ್ಚಲ ಬಾಗಿಲಿಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಚಿಲಕವಿರಲಿಲ್ಲ. ಬಂದ ನೆಂಟರು ಒಳಗೆ ಹೋಗಿ ಬಾಗಿಲ ಮೇಲೆ ಕೈಯಾಡಿಸಿ, ಚಿಲಕ ಸಿಗದೆ ಹೊರಗೆ ಬಂದು ನನ್ನ ಮುಖ ನೋಡುತ್ತಿದ್ದರು. "ಕೆಟ್ಟುಹೋಗಿದೆ, ನಾನೇ ಇಲ್ಲಿ ಕಾವಲಿರ್ತೀನಿ, ಹೋಗಿ ಬನ್ನಿ" ಎನ್ನುತ್ತಿದ್ದೆ. ಕೆಟ್ಟಿರಲಿಲ್ಲ. ಹೊಸ ಬಾಗಿಲಿಗೆ ಬಡಗಿ ಕೂರಿಸಿ ಹೋದ ಚಿಲಕವನ್ನು ಅದೇ ಸಂಜೆ ನಾನೇ ಬಿಚ್ಚಿ ಬೀರುವಿನ ಮೇಲೆ ಎಸೆದಿದ್ದೆ.

2017ರ ನವೆಂಬರಿನ ಒಂದು ಬೆಳಿಗ್ಗೆ ಸ್ನಾನಕ್ಕೆ ಹೋದ ನಮ್ಮವರು ಹೊರಗೆ ಬರಲಿಲ್ಲ. ಹೃದಯಾಘಾತ. ಎದುರು ಮನೆಯ ಹುಡುಗರು ಬಂದು ಬಾಗಿಲು ಒಡೆಯುವ ತನಕ ಒಳಗೆ ನಲ್ಲಿ ಸುರಿಯುತ್ತಲೇ ಇತ್ತು. ಬಕೆಟ್ಟು ತುಂಬಿ ಉಕ್ಕಿ, ಬಾಗಿಲ ಸಂದಿಯಿಂದ ನೀರು ಹರಿದು ನನ್ನ ಪಾದಕ್ಕೆ ಬರುತ್ತಿತ್ತು. ಇಷ್ಟು ಬರೆಯುವುದಕ್ಕೆ ಈಗ ನನ್ನ ಕೈ ನಡುಗುವುದಿಲ್ಲ. ಆಗ ಪಕ್ಕದ ಮನೆಯಲ್ಲಿ ಯಾರಾದರೂ ನಲ್ಲಿ ತಿರುಗಿಸಿದರೂ ಸಾಕು, ಎದೆ ಡವಗುಟ್ಟಿ, ಬೆವರಿ, ನಾನು ಮತ್ತೆ ಆ ಬಾಗಿಲ ಮುಂದೆ ನಿಂತಿರುತ್ತಿದ್ದೆ. ನೆನಪಾಗುವುದು ಬೇರೆ, ಇದು ಬೇರೆ. ನೆನಪಿನಲ್ಲಿ ಅದು ಮುಗಿದುಹೋದ ಸಂಗತಿ. ಇಲ್ಲಿ ಅದು ಈಗ ನಡೆಯುತ್ತಿರುತ್ತಿತ್ತು.

ಬೆಳಗಿನ ಜಾವ ಮೂರಕ್ಕೆ ಎಚ್ಚರ. ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವಳು, ಮಕ್ಕಳ ಕೈಯಿಂದ ಡಬ್ಬಿ ಬಿದ್ದರೆ ಬೆಚ್ಚಿ, ಆಮೇಲೆ ಅವರ ಮೇಲೇ ಕೂಗಾಡುತ್ತಿದ್ದೆ. ಎಲ್ಲರೂ ಅವರವರಿಗೆ ತೋಚಿದ್ದು ಮಾಡಿದರು, ಪಾಪ. ಅತ್ತಿಗೆ ತಾಯತ ಕಟ್ಟಿಸಿದರು. ಅಣ್ಣ ಧರ್ಮಸ್ಥಳಕ್ಕೆ ಕರೆದುಕೊಂಡು ಹೋದರು. ನೇತ್ರಾವತಿಯಲ್ಲಿ ಎಲ್ಲರೂ ಮುಳುಗಿ ಏಳುತ್ತಿದ್ದಾಗ ನಾನು ದಡದಲ್ಲಿ ಚಪ್ಪಲಿ ಕಾಯುತ್ತ ಕೂತಿದ್ದೆ. "ಕಾಲವೇ ಮದ್ದು" ಎಂದವರ ಲೆಕ್ಕ ಇಡಲಿಲ್ಲ. ವರ್ಷಾಬ್ದಿಕವೂ ಆಯಿತು. ಮದ್ದು ತಾಗಲಿಲ್ಲ.

ಅಕ್ಕನ ಮಗಳು ಮೈಸೂರಿನಲ್ಲಿ ಕೆಲಸದಲ್ಲಿದ್ದಾಳೆ. ಅವಳು ಒಂದು ರಾತ್ರಿ ನಮ್ಮಲ್ಲಿ ಉಳಿದವಳು ಬೆಳಿಗ್ಗೆ ಕೇಳಿದಳು, "ಚಿಕ್ಕಮ್ಮ, ನೀನು ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನ ಆಯ್ತು?" ಆಪ್ತಸಲಹೆ, ಮನಶ್ಶಾಸ್ತ್ರಜ್ಞರು ಎಂದೆಲ್ಲ ಶುರು ಮಾಡಿದಾಗ "ನಂಗೇನು ಹುಚ್ಚು ಹಿಡಿದಿದೆಯೇನೇ?" ಎಂದು ರೇಗಿದೆ. ಕೊನೆಗೆ ಹೋದೆ. ಮೊದಲು ಹೋದ ಕಡೆ ಒಬ್ಬರು ಒಂದು ಗಂಟೆ ಕರ್ಮ, ಪ್ರಾಣಾಯಾಮ, ಮನೋಬಲ ಎಂದು ಅವರೇ ಮಾತಾಡಿ ಕಳಿಸಿದರು. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಅಕ್ಕನ ಮಗಳು ಬಿಡಲಿಲ್ಲ, ಬೇರೊಬ್ಬರನ್ನು ಹುಡುಕಿದಳು. ಹಾಗೆ ಹುಡುಕಿದ್ದು ಒಳ್ಳೆಯದಾಯಿತು.

ಪ್ರತಿ ಶನಿವಾರ ಮಧ್ಯಾಹ್ನ ಕೃಷ್ಣರಾಜನಗರದಿಂದ ಮೈಸೂರಿಗೆ ರೈಲು. ಸಾಗರಕಟ್ಟೆಯಲ್ಲಿ ಕನ್ನಂಬಾಡಿಯ ಹಿನ್ನೀರು ಬಂದಾಗ ಕಣ್ಣು ಮುಚ್ಚಿ ಕೂರುತ್ತಿದ್ದೆ. ಬೀದಿಯವರಿಗೆ ಹಲ್ಲಿನ ಚಿಕಿತ್ಸೆ ಎಂದು ಹೇಳಿದ್ದೆ. ಹದಿನಾಲ್ಕು ವಾರ! "ಅಲ್ಲರೀ, ನಿಮ್ಮ ಬಾಯಲ್ಲಿ ಎಷ್ಟು ಹಲ್ಲಿವೆ?" ಎಂದು ಎದುರು ಮನೆಯಾಕೆ ಕೇಳಿಯೇಬಿಟ್ಟರು.

ಎರಡು ಕುರ್ಚಿ, ಒಂದು ಗಡಿಯಾರ, ನನ್ನ ಮಗಳ ವಯಸ್ಸಿನ ಒಬ್ಬ ಹುಡುಗಿ. "ಡಾಕ್ಟ್ರೇ" ಎಂದೆ. "ನಾನು ಮಾತ್ರೆ ಕೊಡೋ ಡಾಕ್ಟರಲ್ಲ ಟೀಚರ್. ಮಾತ್ರೆ ಬೇಕು ಅನ್ನಿಸಿದ್ರೆ ಮನೋವೈದ್ಯರ ಹತ್ರ ಕಳಿಸ್ತೀನಿ" ಎಂದಳು. ಇಲ್ಲಿ ಹೇಳಿದ್ದು ಇಲ್ಲೇ ಇರುತ್ತದೆ, ನಿಮ್ಮ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯ ಎಂದು ಕಂಡರೆ ಮಾತ್ರ ಬೇರೆಯವರಿಗೆ ತಿಳಿಸಬೇಕಾಗುತ್ತದೆ ಎಂದೂ ಮೊದಲೇ ಹೇಳಿದಳು. ನನಗಾದದ್ದಕ್ಕೆ ಒಂದು ಹೆಸರಿದೆಯಂತೆ: ಆಘಾತದ ನಂತರದ ಒತ್ತಡ. ಅಮೆರಿಕದ ಮನೋವೈದ್ಯರು ಅದನ್ನು 1980ರಲ್ಲಿ ತಮ್ಮ ಕಾಯಿಲೆಗಳ ಪಟ್ಟಿಗೆ ಸೇರಿಸಿದರು, ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಪಾಡು ಅದಕ್ಕೊಂದು ದೊಡ್ಡ ಕಾರಣ. ರಣರಂಗದಿಂದ ಬಂದವರ ಕಾಯಿಲೆ ಬಚ್ಚಲಮನೆಯ ಮುಂದೆ ನಿಂತವಳಿಗೂ ಬರುತ್ತದೆಂದು ಕೇಳಿ, ನಿಜ ಹೇಳುತ್ತೇನೆ, ಸಮಾಧಾನವಾಯಿತು.

ಅವಳು ವಿವರಿಸಿದ್ದು ಇಷ್ಟು. ಹೆದರಿಕೆ ಹುಟ್ಟಿಸುವುದರಿಂದ ತಪ್ಪಿಸಿಕೊಂಡರೆ ಆ ಗಳಿಗೆಗೆ ಹಾಯೆನಿಸುತ್ತದೆ. ಆದರೆ ತಪ್ಪಿಸಿಕೊಂಡಷ್ಟೂ, ಆ ಸದ್ದು ಬರೀ ಸದ್ದು ಎಂದು ಮನಸ್ಸಿಗೆ ಕಲಿಯಲು ಅವಕಾಶವೇ ಸಿಗುವುದಿಲ್ಲ. ಆದ್ದರಿಂದ ತಪ್ಪಿಸಿಕೊಳ್ಳದೆ, ಮೆಟ್ಟಿಲು ಮೆಟ್ಟಿಲಾಗಿ ಹತ್ತಿರ ಹೋಗಬೇಕು. ಹೆದರಿಕೆಗೆ ಸೊನ್ನೆಯಿಂದ ನೂರರ ತನಕ ಅಂಕ ಹಾಕಬೇಕು. ಗಣಿತದವಳಿಗೆ ಅಂಕ ಹಾಕುವುದು ಕಷ್ಟವೇ? ಹಿತ್ತಲಿನ ನಲ್ಲಿಯಲ್ಲಿ ಚೊಂಬು ತುಂಬುವುದಕ್ಕೆ ಮೂವತ್ತು, ಬಚ್ಚಲಲ್ಲಿ ಅರ್ಧ ಬಕೆಟ್ಟಿಗೆ ಅರವತ್ತು. ಬಾಗಿಲ ಹೊರಗೆ ನಿಂತು ಪೂರಾ ಬಕೆಟ್ಟು ತುಂಬಿ ಉಕ್ಕುವುದನ್ನು ಕೇಳುವುದಕ್ಕೆ ತೊಂಬತ್ತೈದು. ನೂರು ಹಾಕದೆ ಬಿಟ್ಟದ್ದು ಯಾಕೆಂದು ಅವಳು ಕೇಳಲಿಲ್ಲ.

ಇನ್ನೊಂದು ಕೆಲಸ ಇದಕ್ಕಿಂತ ಕಷ್ಟ. ಕಣ್ಣು ಮುಚ್ಚಿ, ಆ ಬೆಳಿಗ್ಗೆಯನ್ನು ಈಗ ನಡೆಯುತ್ತಿರುವಂತೆ ಹೇಳಬೇಕು. ಒಂದು ಸಲವಲ್ಲ, ಮತ್ತೆ ಮತ್ತೆ. ಹೇಳಿದ್ದನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಮನೆಯಲ್ಲಿ ದಿನವೂ ಕೇಳಬೇಕು. ಮೂರನೆಯ ವಾರದ ಹೊತ್ತಿಗೆ ಕೆಟ್ಟ ಕನಸು ಹೆಚ್ಚಾದವು, ಬಿಟ್ಟುಬಿಡೋಣ ಎನ್ನಿಸಿತು. ಹಾಗಾಗಬಹುದೆಂದು ಅವಳು ಮೊದಲೇ ಎಚ್ಚರಿಸಿದ್ದರಿಂದ ಮಾತ್ರ ನಾಲ್ಕನೆಯ ಶನಿವಾರ ರೈಲು ಹತ್ತಿದೆ.

ಐದನೆಯ ಸಲ ಹೇಳುವಾಗ, ಯಾರಿಗೂ ಹೇಳದಿದ್ದ ಮಾತು ಬಾಯಿಗೆ ಬಂತು.

ನನಗೆ ಸದ್ದು ಕೇಳಿಸಿತ್ತು. ಧೊಪ್ಪೆಂದು ಬಿದ್ದ ಸದ್ದು, ಜೊತೆಗೆ ಚೊಂಬಿನ ಸದ್ದು. ಒಲೆಯ ಮೇಲೆ ಹಾಲು ಉಕ್ಕುವುದರಲ್ಲಿತ್ತು. ಚೊಂಬು ಬೀಳಿಸಿಕೊಂಡರು ಅಂದುಕೊಂಡು, ಹಾಲು ಇಳಿಸಿ, ಡಿಕಾಕ್ಷನ್ ಬೆರೆಸಿ, ಸಕ್ಕರೆ ಹಾಕಿ, ಆಮೇಲೆ "ಕಾಫಿ ಆಯ್ತೂರೀ" ಎಂದು ಕರೆದೆ. ಮಕ್ಕಳಿಗೆ, ಅಣ್ಣನಿಗೆ, ಯಾರಿಗೂ ಇದನ್ನು ಹೇಳಿರಲಿಲ್ಲ. ಹೇಗೆ ಹೇಳಲಿ? ಅವರ ಅಪ್ಪ ಒಳಗೆ ಬಿದ್ದಿದ್ದಾಗ ನಾನು ಕಾಫಿ ಬೆರೆಸುತ್ತಿದ್ದೆ ಎಂದೇ?

ಅವಳು "ನಿಮ್ಮ ತಪ್ಪಲ್ಲ" ಎನ್ನಲಿಲ್ಲ. ಹಾಗೆಂದಿದ್ದರೆ ನಾನು ನಂಬುತ್ತಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: "ಆ ಸದ್ದು ಕೇಳಿದಾಗ ನಿಮಗೆ ಏನು ಗೊತ್ತಿತ್ತು ಟೀಚರ್? ಈಗ ಗೊತ್ತಿರೋದಲ್ಲ, ಆಗ." ಯೋಚಿಸಿದೆ. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಅವರು ಚೊಂಬು ಬೀಳಿಸದೆ ಸ್ನಾನ ಮುಗಿಸಿದ ದಿನವೇ ಕಡಿಮೆ. ಹಾಗೆಂದು ಹೇಳಿ ನಕ್ಕೆ. ನಗು ಯಾವಾಗ ಅಳುವಾಯಿತೋ ತಿಳಿಯಲಿಲ್ಲ.

"ನಾನು ಆಗಲೇ ಓಡಿ ಹೋಗಿದ್ರೆ ಉಳೀತಿದ್ರಾ?"

"ಗೊತ್ತಿಲ್ಲ. ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ."

ಊರೆಲ್ಲ ನನಗೆ "ನಿನ್ನ ಕೈಯಲ್ಲಿ ಏನಿತ್ತಮ್ಮ" ಎಂದಿತ್ತು. ಆ ಒಂದು ವರ್ಷದಲ್ಲಿ ನಾನು ನಂಬಬಹುದಾದ ಮೊದಲ ಮಾತೆಂದರೆ ಈ "ಗೊತ್ತಿಲ್ಲ". ಅಂದು ರೈಲಿನಲ್ಲಿ ಸಾಗರಕಟ್ಟೆ ಬಂದದ್ದೂ ಹೋದದ್ದೂ ಗೊತ್ತಾಗದ ಹಾಗೆ ನಿದ್ದೆ ಮಾಡಿದೆ. ಮಕ್ಕಳಿಗೆ ನಾನೇ ಕೂರಿಸಿ ಹೇಳಿದ್ದು ಇದಾದ ಎರಡು ತಿಂಗಳಿಗೆ. ಮಗ ಏನೂ ಮಾತಾಡದೆ ಎದ್ದು ಹೋಗಿ ಎರಡು ಲೋಟ ಕಾಫಿ ಮಾಡಿಕೊಂಡು ಬಂದ.

ದುಡ್ಡಿನ ವಿಷಯ ಬಿಡಬಾರದು. ವಾರ ವಾರದ ಶುಲ್ಕ, ರೈಲು ಚಾರ್ಜು ನನ್ನ ಸಂಬಳಕ್ಕೂ ಭಾರವೇ ಆಯಿತು. ಕೈಯಲ್ಲಿ ಸ್ವಂತ ದುಡ್ಡಿಲ್ಲದವರು ಏನು ಮಾಡಬೇಕು? ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಕೇಳಬಹುದು. 2022ರ ಅಕ್ಟೋಬರಿನಲ್ಲಿ ಸರ್ಕಾರ ಟೆಲಿ ಮಾನಸ್ ಎಂದು ಶುರು ಮಾಡಿದೆ. 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಫೋನು ಮಾಡಿ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ವಾರ ವಾರ ಎದುರು ಕೂತು ಕೇಳಿಸಿಕೊಳ್ಳುವವರಿಗೆ ಫೋನು ಸಮವೆಂದು ನಾನು ಹೇಳಲಾರೆ. ಆದರೆ ಬೆಳಗಿನ ಜಾವ ಮೂರಕ್ಕೆ ಎದ್ದು ಕೂತವಳಿಗೆ ಶನಿವಾರ ಬಹಳ ದೂರ.

ಚಿಲಕವನ್ನು ಬೀರುವಿನ ಮೇಲಿಂದ ಇಳಿಸಿ ಕೂರಿಸಿದ್ದು 2019ರ ಮಾರ್ಚಿನಲ್ಲಿ. ಎಲ್ಲ ಸರಿಹೋಯಿತೆಂದಲ್ಲ. ನವೆಂಬರ್ ಬಂದರೆ ಈಗಲೂ ಮೂರಕ್ಕೆ ಎಚ್ಚರವಾಗುತ್ತದೆ. ಮೊನ್ನೆ ಮೊಮ್ಮಗ "ನಾನೇ ಸ್ನಾನ ಮಾಡ್ತೀನಿ ಅಜ್ಜಿ" ಎಂದು ಒಳಗೆ ಹೋಗಿ ಚಿಲಕ ಹಾಕಿಕೊಂಡ. ನಲ್ಲಿ ತಿರುಗಿತು. ಬಾಗಿಲ ಹೊರಗೆ ನಿಂತೆ. ಎಷ್ಟು ಎಂದು ಮನಸ್ಸಿನಲ್ಲೇ ಅಂಕ ಹಾಕಿದೆ: ನಲವತ್ತು. ಅಲ್ಲೇ ನಿಂತು ಅದು ಇಪ್ಪತ್ತಕ್ಕೆ ಇಳಿಯುವ ತನಕ ಕೇಳಿಸಿಕೊಂಡೆ. ಅಡುಗೆಮನೆಗೆ ಬರುವಷ್ಟರಲ್ಲಿ ಹಾಲು ಉಕ್ಕಿ ಒಲೆಯೆಲ್ಲ ಹರಿದಿತ್ತು. ಬಟ್ಟೆ ತಂದು ಒರೆಸಿದೆ.