ಎರಡು ಬಗ್ಗಿ, ಒಂದು ಹಳೇ ಬ್ರಶ್ಶು

ನಮ್ಮನಿ ಅಟ್ಟದ ಮ್ಯಾಲ ಎರಡು ರಿಮೋಟ್ ಗಾಡಿ ಇದ್ದುವು. ಜಾತ್ರ್ಯಾಗ ಮಾರೋ ಆಟಗಿ ಅಲ್ರಿ, ಮಣ್ಣಾಗ ರೇಸ್ ಬಿಡೋ ಬಗ್ಗಿ. ಮಗ ಪುಣೆಕ್ಕ ನೌಕರಿಗೆ ಹೋಗೋ ಮುಂದ "ಅವ್ವಾ, ಎರಡೂ ಮಾರಿಬಿಡು" ಅಂದಿದ್ದ. ನನಗ ಮನಸ್ಸಾಗಲಿಲ್ಲ. ಅಷ್ಟರಾಗ ನಮ್ಮನಿಯವ್ರಿಗೆ ಬೈಪಾಸ್ ಆತು. ಡಾಕ್ಟ್ರು ದಿನಾ ನಡೀರಿ ಅಂದ್ರ, ಇವ್ರು ಕಿಡಕಿ ಮುಂದ ಕುರ್ಚಿ ಹಾಕ್ಕೊಂಡು ಕುಂತವ್ರು ಏಳಲೊಲ್ರು. ಮಾತೂ ಕಡಿಮಿ ಆತು, ಮಗನ ಫೋನ್ ಬಂದ್ರೂ ನನ್ನ ಕೈಯಾಗ ಕೊಡೋರು.

ಒಂದಿನ ಸಂಜಿಮುಂದ ನಾನ ಒಂದು ಗಾಡಿ ಇಳಿಸಿ ಮನಿ ಹಿಂದಿನ ಬಯಲಿಗೆ ಒಯ್ದೆ. ಬ್ಯಾಟರಿ ಹಾಕೋದು ತಪ್ಪಿದ್ದು ನೋಡಿ ಇವ್ರು ಎದ್ದು ಬಂದ್ರು. ನನಗ ಬೇಕಾಗಿದ್ದೂ ಅದ.

ಮೊದಲ ಇಳಿಸಿದ್ದು ಫೋರ್ ವ್ಹೀಲ್. ಮೋಟಾರಿನ ಜೋರು ನಾಕೂ ಗಾಲಿಗೆ ಹೋಗತೈತಿ. ಮುಂದಿನ ಗಾಲಿನೂ ಜಗ್ಗೋದ್ರಿಂದ ಉದರ ಮಣ್ಣಾಗೂ ಹಿಡಕೊಂಡು ಹೊಳ್ಳತೈತಿ. ಆದ್ರ ಓಟ ಭಾಳ. ಇವ್ರು ಬೆರಳು ಒತ್ತೋದ್ರಾಗ ಕಂಪೌಂಡಿಗೆ ಹೋಗಿ ಬಡೀತು, ಮುಂದಿನ ಆರ್ಮ್ ಮುರೀತು. ಆವತ್ತಿನ ನಡಿಗಿ ಅಲ್ಲಿಗೇ ಮುಗೀತು.

ಮರುದಿನ ಟೂ ವ್ಹೀಲ್ ತಗದೆ. ಜಪಾನಿನ ಟಮಿಯಾದವ್ರು 1984ರಾಗ ತಂದ ಗ್ರಾಸ್‌ಹಾಪರ್, ಆಮ್ಯಾಲ ಮತ್ತ ಹೊಸದಾಗಿ ಮಾಡಿದ್ದು. ಹಿಂದಿನ ಆಕ್ಸಲ್, ಗೇರ್ ಡಬ್ಬಿ, ಮೋಟಾರು ಎಲ್ಲಾ ಒಂದ ಗಂಟಾಗಿ ಮ್ಯಾಲ ಕೆಳಗ ಆಡತಾವ. ತೆಗ್ಗು ಬಂದ್ರ ಹೆಸರಿಗೆ ತಕ್ಕಂಗ ಮಿಡಚಿ ಜಿಗದಂಗ ಜಿಗೀತೈತಿ. ತಿರುವಿನ್ಯಾಗ ಜೋರು ಒತ್ತಿದ್ರ ಮೂತಿ ತಿರಗಂಗಿಲ್ಲ, ಇಲ್ಲಾ ಹಿಂದಿನ ಭಾಗ ಜಾರತೈತಿ. ಟ್ರಿಗರ್ ಸ್ವಲ್ಪ ಬಿಟ್ಟು ಹೊಳ್ಳಿಸಿ, ನೆಟ್ಟಗಾದ ಮ್ಯಾಲ ಒತ್ತಬೇಕು. ಇವ್ರಿಗೆ ಇದನ್ನ ಕಲಿಯೋಕ ಒಂದು ವಾರ ಹಿಡೀತು. ಪಲ್ಟಿ ಆದಾಗೆಲ್ಲಾ ಹೋಗಿ ಎತ್ತಬೇಕಲ್ರಿ, ಹಂಗ ಎಷ್ಟು ನಡದ್ರೋ ಅವ್ರಿಗೇ ಗೊತ್ತಾಗಲಿಲ್ಲ.

ಇನ್ನ ಸ್ವಚ್ಛ ಮಾಡೋದು ನನ್ನ ಪಾಲಿಗೆ. ಎರಡಕ್ಕೂ ಮೊದಲ ಬ್ಯಾಟರಿ ತಗೀಬೇಕು. ಮಣ್ಣು ಒಣಗಿದ ಮ್ಯಾಲ ಹಳೇ ಹಲ್ಲುಜ್ಜೋ ಬ್ರಶ್ಶಿಂದ ಉದುರಿಸಬೇಕು. ಆಕ್ಸಲ್ಲಿಗೆ ಸುತ್ತಿದ ಕೂದಲಾ, ದಾರಾ ಚಿಮಟಿಗಿಂದ ಎಳೀಬೇಕು. ನೀರು ಬ್ಯಾಡ. ನಾ ಒಮ್ಮೆ ಪಾತ್ರಿ ತೊಳದಂಗ ತೊಳದು ಬೇರಿಂಗಿಗೆ ಜಂಗು ಹಿಡಿಸೇನಿ.

ಗ್ರಾಸ್‌ಹಾಪರ್ ನನ್ನಂಥಾಕಿ ಕೈಗೂ ಬಗ್ಗತೈತಿ, ಭಾಗ ಕಡಿಮಿ. ಫೋರ್ ವ್ಹೀಲಿನ್ಯಾಗ ಮುಂದೂ ಹಿಂದೂ ಡಿಫರೆನ್ಶಿಯಲ್, ನಡುವ ಉದ್ದಂದೊಂದು ಶಾಫ್ಟು, ನಾಕು ಶಾಕಿನ್ಯಾಗೂ ಸಿಲಿಕಾನ್ ಎಣ್ಣಿ. ಎಣ್ಣಿ ಸೋರಿದ್ರ ಗಾಡಿ ಕುಣೀತೈತಿ. ಮೋಟಾರಿನ ಸಣ್ಣ ಗೇರು ದೊಡ್ಡ ಗೇರಿಗೆ ಭಾಳ ಒತ್ತಿ ಕುಂತ್ರ ಮೋಟಾರು ಕಾಯತೈತಿ, ಸಡ್ಲಾದ್ರ ಹಲ್ಲು ತಿಂತೈತಿ. ನಡುವ ಒಂದು ತೆಳ್ಳನ ಹಾಳಿ ಇಟ್ಟು, ಒತ್ತಿ ಸ್ಕ್ರೂ ಬಿಗದು, ಹಾಳಿ ತಗದ್ರ ಸರಿ ಅಂತರ ಸಿಗತೈತಿ. ಅದರ ಲೈಪೊ ಬ್ಯಾಟರಿನೂ ನಾಜೂಕು: ಚಾರ್ಜಿಗೆ ಇಟ್ಟು ಮಲಗಬಾರದು, ಭಾಳ ದಿನ ಇಡೋದಿದ್ರ ಒಂದೊಂದು ಸೆಲ್ಲು 3.8 ವೋಲ್ಟ್ ಆಜೂಬಾಜೂ ಇರಬೇಕು.

ಹಿಂಗಾಗಿ ನನ್ನ ಲೆಕ್ಕ ಸ್ಪಷ್ಟ ಇತ್ತು. ಹೊಸಬರಿಗೆ, ವಯಸ್ಸಾದವ್ರಿಗೆ ಟೂ ವ್ಹೀಲ್ ಸಾಕು. ಕೈ ಪಳಗಿದವ್ರಿಗೆ, ವಾರಕ್ಕೊಮ್ಮೆ ಬಿಚ್ಚಿ ಜೋಡಸೋ ತಾಳ್ಮಿ ಇದ್ದವ್ರಿಗೆ ಫೋರ್ ವ್ಹೀಲ್. ಹೋದ ರವಿವಾರ ಮಗ ಫೋನ್ ಮಾಡಿದಾಗ, "ಸಣ್ಣದು ಇರಲಿ, ದೊಡ್ಡದಕ್ಕ ಗಿರಾಕಿ ನೋಡತೇನಿ" ಅಂದೆ.

ಹಿಂದಿನಿಂದ ಇವ್ರ ದನಿ ಬಂತು: "ಏ, ಮಾರಬ್ಯಾಡ. ಆರ್ಮ್ ಒಂದು ಕಳಸಂತ ಹೇಳು ಅವಂಗ. ಇಲ್ಲಾ, ಫೋನ್ ಇಲ್ಲಿ ಕೊಡು, ನಾನ ಹೇಳತೇನಿ."

ಫೋನ್ ಕೊಟ್ಟು ನಾ ಒಳಗ ಹೋದೆ. ಚಹಾ ಎರಡು ಸಲ ಕಾಸಿದ್ರೂ ಅವ್ರ ಮಾತು ಮುಗಿದಿರಲಿಲ್ಲ.