ಎಪ್ಪತ್ತೆಂಟು ಮೈಲಿಯ ಎಡಗೈ

ಮುಪ್ಪು ಬರುವುದು ವೇಗವಿದ್ದವರಿಗೆ ಮಾತ್ರ ಎಂಬ ಅನುಮಾನ ನನಗೆ ಬಹಳ ಕಾಲದಿಂದ ಇದೆ. ಓಡುತ್ತಿದ್ದವನು ನಡೆಯತೊಡಗಿದರೆ ಊರಿಗೆಲ್ಲ ಗೊತ್ತಾಗುತ್ತದೆ, ‘ಪಾಪ, ಹೇಗಿದ್ದವನು ಹೇಗಾದ’ ಅನ್ನುತ್ತಾರೆ. ಮೊದಲಿನಿಂದಲೂ ನಡೆದೇ ಹೋಗುತ್ತಿದ್ದವನು ಇನ್ನೂ ನಡೆಯುತ್ತಿದ್ದರೆ ಅವನಿಗೆ ವಯಸ್ಸಾದದ್ದು ಯಾರ ಗಮನಕ್ಕೂ ಬರುವುದಿಲ್ಲ, ಕೆಲವೊಮ್ಮೆ ಅವನ ಗಮನಕ್ಕೂ.

ನನ್ನ ಈ ಅನುಮಾನಕ್ಕೆ ಆಧಾರ ಜೇಮಿ ಮೋಯರ್ ಎಂಬ ಅಮೆರಿಕದ ಬೇಸ್‌ಬಾಲ್ ಆಟಗಾರ. ಎಡಗೈ ಪಿಚರ್, ಅಂದರೆ ಚೆಂಡು ಎಸೆಯುವವನು. 2012ರ ಏಪ್ರಿಲ್ 17ರಂದು ಕೊಲೊರಾಡೊ ರಾಕೀಸ್ ತಂಡಕ್ಕೆ ಈತ ಒಂದು ಪಂದ್ಯ ಗೆದ್ದುಕೊಟ್ಟ. ಆವತ್ತು ಆತನ ವಯಸ್ಸು 49 ವರ್ಷ 151 ದಿನ. ಅಲ್ಲಿನ ಅಗ್ರ ಪಂದ್ಯಾವಳಿಯಾದ ಮೇಜರ್ ಲೀಗಿನಲ್ಲಿ ಅಷ್ಟು ವಯಸ್ಸಾದ ಪಿಚರ್ ಅಲ್ಲಿಯವರೆಗೆ ಗೆದ್ದಿರಲಿಲ್ಲ. ಅದಕ್ಕಿಂತ ಹದಿನಾರು ತಿಂಗಳ ಹಿಂದೆ ಅದೇ ಎಡಗೈಯ ಮೊಣಕೈಯನ್ನು ಕೊಯ್ದು, ಮೂಳೆಗೆ ತೂತು ಕೊರೆದು, ಬೇರೆ ಕಡೆಯ ನರದಂಥ ದಾರವೊಂದನ್ನು ತಂದು ಪೋಣಿಸಿದ್ದರು. ಆ ಕಥೆಗೆ ಆಮೇಲೆ ಬರುತ್ತೇನೆ. ಮೋಯರ್ ವಿಷಯದಲ್ಲಿ ಅವಸರ ಮಾಡುವುದು ಮರ್ಯಾದೆಯಲ್ಲ.

ನಾನು ಈತನನ್ನು ಕಂಡದ್ದು ಸಿಯಾಟಲ್‌ನಲ್ಲಿ. 2001ರ ಬೇಸಿಗೆ. ಆ ವರ್ಷ ಸಿಯಾಟಲ್ ಮರೀನರ್ಸ್ ತಂಡ 162 ಪಂದ್ಯಗಳಲ್ಲಿ 116 ಗೆದ್ದಿತು. ಜಪಾನಿನಿಂದ ಆಗಷ್ಟೇ ಬಂದಿದ್ದ ಇಚಿರೊ ಎಂಬ ಆಟಗಾರನನ್ನು ನೋಡಲು ಊರಿಗೆ ಊರೇ ಮೈದಾನಕ್ಕೆ ಹೋಗುತ್ತಿತ್ತು. ಸಾಫ್ಟ್‌ವೇರ್ ಕೆಲಸಕ್ಕೆಂದು ಬಂದಿದ್ದ ನಾನೂ ಇಚಿರೊಗೋಸ್ಕರವೇ ಹೋದವನು. ಬೇಸ್‌ಬಾಲ್‌ನಲ್ಲಿ ಪಂದ್ಯ ಶುರು ಮಾಡುವ ಪಿಚರ್‌ಗಳಿಗೆ ಐದು ದಿನಕ್ಕೊಮ್ಮೆ ಸರದಿ. ನಾನು ಹೋದಾಗಲೆಲ್ಲ ಹೇಗೋ ಮೋಯರ್‌ನ ಸರದಿಯೇ ಬಂದಿರುತ್ತಿತ್ತು. ಮೊದಮೊದಲು ಬೇಸರವಾಯಿತು. ವೇಗದ ಪಿಚರ್ ಎಸೆದರೆ ಕ್ಯಾಚರ್‌ನ ಗ್ಲೌಸಿನಲ್ಲಿ ಪಟಾಕಿಯ ಸದ್ದು ಬರುತ್ತದೆ. ಮೋಯರ್‌ನ ಎಸೆತಕ್ಕೆ ಸದ್ದೇ ಇರುತ್ತಿರಲಿಲ್ಲ.

ಮಗನ ಮನೆಯಲ್ಲಿ ಇದ್ದು ಹೋಗೋಣವೆಂದು ಮೈಸೂರಿನಿಂದ ಬಂದಿದ್ದ ಅಪ್ಪನನ್ನೂ ಒಂದು ಸಂಜೆ ಕರೆದುಕೊಂಡು ಹೋದೆ. ಅಪ್ಪ ಮೇಷ್ಟ್ರು. ವಯಸ್ಸಿನಲ್ಲಿ ಮ್ಯಾಟಿಂಗ್ ಪಿಚ್ಚಿನ ಮೇಲೆ ಆಫ್ ಸ್ಪಿನ್ ಹಾಕುತ್ತಿದ್ದವರು. ಕಡಲೆಕಾಯಿ ಬಿಡಿಸುತ್ತಾ ಎರಡು ಇನಿಂಗ್ಸ್ ನೋಡಿದರು.

“ಏನೋ ಇದು, ನಾನು ಹಾಕ್ತಿದ್ದ ಹಾಗೇ ಹಾಕ್ತಾನಲ್ಲೋ ಇವನು!”

“ಇಲ್ಲಪ್ಪ, ಅದು ಗಂಟೆಗೆ ನೂರಾ ಮೂವತ್ತು ಕಿಲೋಮೀಟರ್.”

“ಎದುರು ತಂಡದವನು ಹಾಕೋದು?”

“ನೂರೈವತ್ತು.”

ಅಪ್ಪ ಮತ್ತೆ ಕಡಲೆಕಾಯಿಗೆ ಕೈಹಾಕಿದರು. ಐದನೆಯ ಇನಿಂಗ್ಸಿನ ಹೊತ್ತಿಗೆ ಪೊಟ್ಟಣ ಕೆಳಗಿಟ್ಟು ಮುಂದಕ್ಕೆ ಬಾಗಿ ಕೂತಿದ್ದರು. ಬೆಳಿಗ್ಗೆ ಎದ್ದರೆ ಜಿಮ್ಮಿಗೆ ಹೋಗುವ ಆರಡಿ ಆಳುಗಳು ಬಂದು, ಚೆಂಡು ಮುಟ್ಟುವ ಮೊದಲೇ ಬ್ಯಾಟು ಬೀಸಿ, ಪೆಚ್ಚು ಮೋರೆ ಹಾಕಿಕೊಂಡು ವಾಪಸ್ಸು ಹೋಗುತ್ತಿದ್ದರು. “ಚೆಂಡು ನೋಡಬೇಡ ಕಣೋ, ಕೈ ನೋಡು,” ಅಂದರು ಅಪ್ಪ. “ಕೈ ಸುಳ್ಳು ಹೇಳ್ತಿದೆ.”

ಇದಕ್ಕಿಂತ ಚೆನ್ನಾಗಿ ಚೇಂಜ್‌ಅಪ್ ಎಸೆತವನ್ನು ವಿವರಿಸಿದವರನ್ನು ನಾನು ಇನ್ನೂ ಕಂಡಿಲ್ಲ. ಕ್ರಿಕೆಟ್ಟಿನಲ್ಲಿ ಚೆಂಡು ನೆಲಕ್ಕೆ ಬೀಳುತ್ತದೆ, ನೆಲವೂ ಬೌಲರಿನ ಪಾಲುದಾರ. ಬೇಸ್‌ಬಾಲ್‌ನಲ್ಲಿ ನೆಲದ ಸಹಾಯವಿಲ್ಲ. ಮಣ್ಣಿನ ದಿಬ್ಬದಿಂದ ಬ್ಯಾಟರಿನ ಮುಂದಿರುವ ಪ್ಲೇಟಿಗೆ 60 ಅಡಿ 6 ಅಂಗುಲ. ಏನು ಮೋಸ ಮಾಡುವುದಿದ್ದರೂ ಗಾಳಿಯಲ್ಲೇ ಮಾಡಬೇಕು. ಬ್ಯಾಟರಿಗೆ ಸಿಗುವುದು ಅರ್ಧ ಸೆಕೆಂಡಿಗೂ ಕಡಿಮೆ ಹೊತ್ತು. ಅಷ್ಟರಲ್ಲಿ ಚೆಂಡನ್ನು ಪೂರ್ತಿ ನೋಡಿ ತೀರ್ಮಾನ ಮಾಡಲಾಗದೆ ಅವನು ಪಿಚರಿನ ತೋಳಿನ ಬೀಸು ನೋಡಿ ವೇಗ ಊಹಿಸುತ್ತಾನೆ. ಮೋಯರ್ ತೋಳನ್ನು ಪೂರಾ ಜೋರಿನಿಂದಲೇ ಬೀಸುತ್ತಿದ್ದ. ಆದರೆ ಚೆಂಡನ್ನು ಬೆರಳ ತುದಿಯಲ್ಲಿ ಹಿಡಿಯದೆ ಅಂಗೈಯ ಒಳಗೆ ಸರಿಸಿಕೊಂಡಿರುತ್ತಿದ್ದ. ಬೀಸು ಫಾಸ್ಟ್‌ಬಾಲಿನದು, ಹೊರಟ ಚೆಂಡು ಗಂಟೆಗೆ ಹತ್ತು ಮೈಲಿ ಸಾವಕಾಶದ್ದು. ನಮ್ಮ ವೆಂಕಟೇಶ್ ಪ್ರಸಾದ್ ಲೆಗ್ ಕಟರಿನಲ್ಲಿ ಇದೇ ವ್ಯಾಪಾರ ಮಾಡುತ್ತಿದ್ದದ್ದು ಕ್ರಿಕೆಟ್ ನೋಡಿದವರಿಗೆ ನೆನಪಿರಬಹುದು.

ಇದರ ಸೊಗಸು ಇರುವುದು ಮುಂದಿನ ಎಸೆತದಲ್ಲಿ. ಎರಡು ಬಾರಿ ನಿಧಾನ ಕಂಡ ಕಣ್ಣಿಗೆ ಮೂರನೆಯದಾಗಿ ಅದೇ ಬಡ ಫಾಸ್ಟ್‌ಬಾಲ್ ಬಂದರೆ ಸಿಡಿಲು ಬಂದಂತಾಗುತ್ತದೆ. ಪ್ಲೇಟಿನ ಅಗಲ 17 ಅಂಗುಲ. ಮೋಯರ್ ನಡುವಿನ ಅಂಗುಲಗಳನ್ನೆಲ್ಲ ಬೇರೆಯವರಿಗೆ ಬಿಟ್ಟು ಎರಡು ಅಂಚುಗಳಲ್ಲಿ ಬದುಕಿದ. ಬೇಸ್‌ಬಾಲ್‌ನಲ್ಲಿ ತಂಡದ ಗೆಲುವು, ಸೋಲನ್ನು ಪಿಚರಿನ ಹೆಸರಿಗೂ ಬರೆಯುತ್ತಾರೆ. ಆ ಲೆಕ್ಕದಲ್ಲಿ 2001ರಲ್ಲಿ ಮೋಯರ್ 20 ಗೆದ್ದು 6 ಸೋತ. ಒಂದೇ ಋತುವಿನಲ್ಲಿ 20 ಗೆಲುವು ಅವನಿಗೆ ಅದೇ ಮೊದಲು, ವಯಸ್ಸು 38. ಎರಡು ವರ್ಷದ ಮೇಲೆ, ನಲವತ್ತರಲ್ಲಿ, 21 ಗೆದ್ದ.

ಮೋಯರ್ ಹುಟ್ಟಿದ್ದು 1962ರಲ್ಲಿ, ಬೆಳೆದದ್ದು ಪೆನ್ಸಿಲ್ವೇನಿಯಾದ ಸೌಡರ್ಟನ್ ಎಂಬ ಊರಿನಲ್ಲಿ. ಹತ್ತಿರದ ದೊಡ್ಡ ಊರು ಫಿಲಡೆಲ್ಫಿಯಾ, ಅಲ್ಲಿನ ತಂಡ ಫಿಲೀಸ್, ಆ ತಂಡದ ದೈವ ಸ್ಟೀವ್ ಕಾರ್ಲ್‌ಟನ್. ಅವನೂ ಎಡಗೈಯವನೇ, ಆದರೆ ಎಸೆತ ಬೆಂಕಿ. 1980ರಲ್ಲಿ ಫಿಲೀಸ್ ವಿಶ್ವ ಸರಣಿ, ಅಂದರೆ ಮೇಜರ್ ಲೀಗಿನ ಅಂತಿಮ ಸರಣಿ, ಗೆದ್ದಾಗ ಕೊನೆಯ ಪಂದ್ಯದಲ್ಲಿ ಎಸೆದವನು ಕಾರ್ಲ್‌ಟನ್. ವಿಜಯದ ಮೆರವಣಿಗೆ ನೋಡಲು ಶಾಲೆಗೆ ಚಕ್ಕರ್ ಹಾಕಿ ಹೋದ ಹುಡುಗರಲ್ಲಿ ಮೋಯರ್ ಒಬ್ಬ.

ಆರು ವರ್ಷದ ನಂತರ, 1986ರ ಜೂನ್ 16ರಂದು, ಶಿಕಾಗೊ ಕಬ್ಸ್ ಪರವಾಗಿ ಮೋಯರ್ ತನ್ನ ಮೊದಲ ಮೇಜರ್ ಲೀಗ್ ಪಂದ್ಯ ಆಡಿದ. ಎದುರಾಳಿ ಫಿಲೀಸ್. ಆ ಕಡೆಯ ಪಿಚರ್ ಕಾರ್ಲ್‌ಟನ್! ಗೆದ್ದವನು ಮೋಯರ್. ಇಂಥದ್ದನ್ನು ಕಥೆಯಲ್ಲಿ ಬರೆದರೆ ಸಂಪಾದಕರು ತೆಗೆದುಹಾಕುತ್ತಾರೆ. ಅದೇ ತಿಂಗಳು ಮುಗಿಯುವುದರೊಳಗೆ ಫಿಲೀಸ್ ತಂಡ ಕಾರ್ಲ್‌ಟನ್‌ನನ್ನು ಕೈಬಿಟ್ಟಿತು. 41 ವರ್ಷದ ಆತ ಆಮೇಲೂ ಒಂದು ತಂಡದಿಂದ ಇನ್ನೊಂದಕ್ಕೆ ಅಲೆದ. ಸ್ಯಾನ್ ಫ್ರಾನ್ಸಿಸ್ಕೊ, ಶಿಕಾಗೊ, ಕ್ಲೀವ್‌ಲ್ಯಾಂಡ್, ಮಿನೆಸೋಟ. ಕೈಯ ಬೆಂಕಿ ಆರಿತ್ತು, ಬೇರೆ ಅಡುಗೆ ಅವನು ಕಲಿತಿರಲಿಲ್ಲ. 1988ರಲ್ಲಿ ಎಲ್ಲ ಮುಗಿಯಿತು. 329 ಗೆಲುವು, ವರ್ಷದ ಶ್ರೇಷ್ಠ ಪಿಚರಿಗೆ ಕೊಡುವ ಸೈ ಯಂಗ್ ಪ್ರಶಸ್ತಿ ನಾಲ್ಕು ಬಾರಿ, ಅಂಥ ಮಹಾನುಭಾವ ಅವನು. ಅವನ ಮೇಲೆ ನನಗೆ ದೂರಿಲ್ಲ. ಆದರೆ ಕಳೆದುಕೊಳ್ಳಲು ಅವನ ಹತ್ತಿರ ಏನೋ ಇತ್ತು ಎಂಬುದನ್ನು ಮಾತ್ರ ಗಮನಿಸುತ್ತೇನೆ.

ಮೋಯರ್ ಹತ್ತಿರ ಅದೂ ಇರಲಿಲ್ಲ. ಇಪ್ಪತ್ತರ ಹರೆಯದಲ್ಲಿ ಅವನನ್ನು ಕೊಂಡವರು ಮಾರಿದರು, ಮಾರಿದವರು ಮರೆತರು. ಮೂವತ್ತು ತುಂಬುವಾಗ ಅವನ ಲೆಕ್ಕ 34 ಗೆಲುವು, 54 ಸೋಲು. 1992ರಲ್ಲಿ ಕಬ್ಸ್ ತಂಡ ಮತ್ತೆ ಕರೆದು, ನೋಡಿ, ಬೇಡವೆಂದಿತು. ಬೇಕಾದರೆ ತರಬೇತುದಾರನಾಗು ಎಂದೂ ಹೇಳಿತು. ಬಲ್ಲವರು ಯಾರೇ ಆಗಲಿ ಒಪ್ಪಿಕೊಳ್ಳಬೇಕಾದ ಮಾತು ಅದು. ಹೆಂಡತಿ, ಕೂಸು, ಖಾಯಂ ಸಂಬಳ. ಮೋಯರ್ ಒಲ್ಲೆ ಅಂದು, ಆ ವರ್ಷ ಟೊಲೀಡೊ ಎಂಬ ಊರಿನ ಕೆಳದರ್ಜೆಯ ತಂಡದಲ್ಲಿ ಆಡಿದ. ಮುಂದಿನ ವರ್ಷ ಬಾಲ್ಟಿಮೋರ್ ಕರೆಯಿತು. ಅಲ್ಲಿಂದಾಚೆಗೆ, ಅಂದರೆ ಮೂವತ್ತು ತುಂಬಿದ ಮೇಲೆ, ಗೆದ್ದದ್ದು 235 ಪಂದ್ಯ. ಅದರಲ್ಲಿ ನಲವತ್ತರ ನಂತರದವೇ 105.

ಫಿಲಡೆಲ್ಫಿಯಾಕ್ಕೆ 2006ರಲ್ಲಿ ಹೋದ. 2008ರಲ್ಲಿ, 45ರ ವಯಸ್ಸಿನಲ್ಲಿ, 16 ಗೆದ್ದ. ತಂಡ ವಿಶ್ವ ಸರಣಿ ಗೆದ್ದಿತು. ಆ ಸರಣಿಯ ಮೂರನೆಯ ಪಂದ್ಯ ಮಳೆಯಿಂದಾಗಿ ರಾತ್ರಿ ಹತ್ತು ದಾಟಿದ ಮೇಲೆ ಶುರುವಾಗಿ ಬೆಳಗಿನ ಜಾವ ಎರಡರ ಹತ್ತಿರ ಮುಗಿಯಿತು. ಹೊಟ್ಟೆ ಕೆಟ್ಟು ಹಿಂದಿನ ರಾತ್ರಿ ನಿದ್ದೆಗೆಟ್ಟಿದ್ದ ಮೋಯರ್ ಅದರಲ್ಲಿ ಏಳನೆಯ ಇನಿಂಗ್ಸಿನವರೆಗೆ ಎಸೆದ. 1980ರಲ್ಲಿ ರಸ್ತೆಬದಿ ನಿಂತು ನೋಡಿದ್ದ ಮೆರವಣಿಗೆಯಲ್ಲಿ ಈ ಸಲ ಗಾಡಿಯ ಮೇಲೆ ನಿಂತ. ಎಸೆಯುವಾಗ ಕಾಲೂರುವ ಬಿಳಿ ರಬ್ಬರ್ ಪಟ್ಟಿಯನ್ನು ಮೈದಾನದಿಂದ ಅಗೆಸಿ ಮನೆಗೂ ಒಯ್ದ.

ಇಷ್ಟು ಹೊಗಳಿದ ಮೇಲೆ ಒಂದು ಲೆಕ್ಕ ಮುಚ್ಚಿಡಬಾರದು. ಮೇಜರ್ ಲೀಗಿನಲ್ಲಿ ಅತಿ ಹೆಚ್ಚು ಹೋಮ್ ರನ್ ಹೊಡೆಸಿಕೊಂಡ ಪಿಚರ್ ಕೂಡ ಈತನೇ: 522. ನಿಧಾನದ ಎಸೆತ ಗುರಿ ತಪ್ಪಿದರೆ ಚೆಂಡು ಗ್ಯಾಲರಿಯಲ್ಲಿ. ಆದರೆ 522 ಹೋಮ್ ರನ್ ಹೊಡೆಸಿಕೊಳ್ಳುವ ಅವಕಾಶ ಸುಮ್ಮನೆ ಯಾರಿಗಾದರೂ ಕೊಡುತ್ತಾರೆಯೆ? ಇನ್ನೂರು ಹೊಡೆಸಿಕೊಳ್ಳುವುದರಲ್ಲಿ ಮನೆಗೆ ಕಳಿಸುತ್ತಾರೆ. ಈ ದಾಖಲೆಯಲ್ಲಿ ಈತ ಹಿಂದೆ ಹಾಕಿದ ರಾಬಿನ್ ರಾಬರ್ಟ್ಸ್ ಕೂಡ ಸಾಮಾನ್ಯನಲ್ಲ, ಫಿಲೀಸ್ ತಂಡದ ಹಳೆಯ ದೊರೆ.

ಮೊಣಕೈ ಕೊನೆಗೂ ಕೈಕೊಟ್ಟದ್ದು 2010ರಲ್ಲಿ. ಮೇ ತಿಂಗಳಿನಲ್ಲಿ, 47 ವರ್ಷದ ಮೋಯರ್, ಅಟ್ಲಾಂಟಾ ತಂಡಕ್ಕೆ ಒಂದೂ ರನ್ ಕೊಡದೆ ಪೂರ್ತಿ ಪಂದ್ಯ ಎಸೆದಿದ್ದ. ಜುಲೈನಲ್ಲಿ ನೋವು. ನವೆಂಬರಿನಲ್ಲಿ, ಕೈ ಇನ್ನೂ ನಡೆಯುತ್ತದೆ ಎಂದು ತೋರಿಸಲು ಡೊಮಿನಿಕನ್ ಗಣರಾಜ್ಯದ ಚಳಿಗಾಲದ ಲೀಗಿಗೆ ಹೋಗಿ ಎಸೆಯುವಾಗ ಸ್ನಾಯುಬಂಧ ಹರಿಯಿತು. ಮೇಲ್ತೋಳಿನ ಮೂಳೆಯನ್ನೂ ಮುಂದೋಳಿನ ಮೂಳೆಯನ್ನೂ ಒಳಬದಿಯಲ್ಲಿ ಕಟ್ಟಿ ಹಿಡಿದಿರುವ ಚಿಕ್ಕ ಪಟ್ಟಿ ಅದು. ನಮಗೆ ನಿಮಗೆ ಅದಿಲ್ಲದಿದ್ದರೂ ದೋಸೆ ತಿರುವಲು ತೊಂದರೆಯಾಗದು. ಪಿಚರಿಗೆ ಮಾತ್ರ ಅದೇ ಪ್ರಾಣ.

1974ರವರೆಗೆ ಇದು ಹರಿದರೆ ಆಟ ಮುಗಿಯಿತು ಎಂದೇ ಅರ್ಥ. ಆ ವರ್ಷ ಲಾಸ್ ಏಂಜಲಿಸ್‌ನಲ್ಲಿ ಡಾ. ಫ್ರಾಂಕ್ ಜೋಬ್, ಟಾಮಿ ಜಾನ್ ಎಂಬ ಎಡಗೈ ಪಿಚರಿನ ಬಲ ಮಣಿಕಟ್ಟಿನಿಂದ ಒಂದು ಸ್ನಾಯುರಜ್ಜು ತೆಗೆದು ಎಡ ಮೊಣಕೈಗೆ ಹೆಣೆದರು. ಮತ್ತೆ ಆಡುವ ಸಾಧ್ಯತೆ ನೂರಕ್ಕೆ ಒಂದು ಎಂಬುದು ವೈದ್ಯರ ಅಂದಾಜು. ಟಾಮಿ ಜಾನ್ 1989ರವರೆಗೆ ಆಡಿದ. ಆಪರೇಷನ್‌ಗೆ ಮುಂಚೆ 124 ಗೆದ್ದಿದ್ದವನು ಆಮೇಲೆ 164 ಗೆದ್ದ. ಆ ಶಸ್ತ್ರಚಿಕಿತ್ಸೆಗೆ ಇವತ್ತು ರೋಗಿಯ ಹೆಸರೇ ನಿಂತಿದೆ. ಸಾಮಾನ್ಯವಾಗಿ ತೆಗೆಯುವ ಆ ರಜ್ಜು ಕೆಲವರ ಕೈಯಲ್ಲಿ ಇರುವುದೇ ಇಲ್ಲ. ಹೆಬ್ಬೆರಳು, ಕಿರುಬೆರಳು ಕೂಡಿಸಿ ಮಣಿಕಟ್ಟು ಸ್ವಲ್ಪ ಬಗ್ಗಿಸಿ ನೋಡಿ. ನಡುವೆ ಹಗ್ಗದಂತೆ ಎದ್ದು ನಿಂತರೆ ಇದೆ. ಇಲ್ಲದಿದ್ದರೂ ಚಿಂತೆ ಬೇಡ, ತೊಡೆಯ ಹಿಂದಿನಿಂದ ತೆಗೆಯುತ್ತಾರೆ.

ಮೋಯರ್‌ನ ಮೊಣಕೈಗೂ ಇದೇ ಆಪರೇಷನ್ ಆಯಿತು. ಚೇತರಿಕೆಗೆ ಇಪ್ಪತ್ತೈದರ ಹುಡುಗನಿಗೂ ಒಂದು ವರ್ಷ, ಒಂದೂವರೆ ವರ್ಷ ಬೇಕು. ಮೋಯರ್‌ಗೆ 48. 2011 ಪೂರ್ತಿ ಆಟವಿಲ್ಲ. 2012ರ ವಸಂತದಲ್ಲಿ ಕೊಲೊರಾಡೊ ರಾಕೀಸ್ ಶಿಬಿರಕ್ಕೆ ಹೋಗಿ, ಯಾವ ಭರವಸೆಯೂ ಇಲ್ಲದ ಒಪ್ಪಂದದ ಮೇಲೆ ಎಸೆದು ತೋರಿಸಿ, ತಂಡದಲ್ಲಿ ಜಾಗ ಗಿಟ್ಟಿಸಿಕೊಂಡ. ಸಿಕ್ಕ ಮೈದಾನವಾದರೂ ಎಂಥದ್ದು! ತಂಡದ ಊರಾದ ಡೆನ್ವರ್ ಸಮುದ್ರಮಟ್ಟದಿಂದ ಒಂದು ಮೈಲಿ ಎತ್ತರದಲ್ಲಿದೆ. ಗಾಳಿ ತೆಳು, ಹೊಡೆದ ಚೆಂಡು ಹೆಚ್ಚು ದೂರ ಹೋಗುತ್ತದೆ, ಎಸೆದ ಚೆಂಡು ಕಡಿಮೆ ತಿರುಗುತ್ತದೆ. ಮೋಸವೇ ಬಂಡವಾಳವಾದವನಿಗೆ ಇದಕ್ಕಿಂತ ಕೆಟ್ಟ ಊರು ಆ ದೇಶದಲ್ಲಿಲ್ಲ. ಮೊದಲ ಎರಡು ಪಂದ್ಯ ಸೋತ. ಮೂರನೆಯದರಲ್ಲಿ, ಏಪ್ರಿಲ್ 17ರಂದು, ಸ್ಯಾನ್ ಡಿಯಾಗೊ ವಿರುದ್ಧ ಏಳು ಇನಿಂಗ್ಸ್ ಎಸೆದ. ಬಿಟ್ಟದ್ದು ಎರಡು ರನ್, ಅವೂ ಫೀಲ್ಡರುಗಳ ತಪ್ಪಿನಿಂದ. ರಾಕೀಸ್ 5–3ರಿಂದ ಗೆದ್ದರು. ಫಾಸ್ಟ್‌ಬಾಲಿನ ವೇಗ ಎಪ್ಪತ್ತೆಂಟು ಮೈಲಿಯ ಆಸುಪಾಸು, ಅಂದರೆ ನೂರಾ ಇಪ್ಪತ್ತೈದು ಕಿಲೋಮೀಟರ್. ವಯಸ್ಸಿನ ಹಳೆಯ ದಾಖಲೆ ಜ್ಯಾಕ್ ಕ್ವಿನ್ ಎಂಬವನದು, 1932ರದು. ಅವನೂ ಮೋಸಗಾರನೇ, ಚೆಂಡಿಗೆ ಎಂಜಲು ಹಚ್ಚಿ ಎಸೆಯುವವನು. 1920ರಲ್ಲಿ ಎಂಜಲು ನಿಷೇಧವಾದಾಗ, ಈ ಹಳಬರು ಬದುಕಿಕೊಳ್ಳಲಿ ಎಂದು ವಿನಾಯಿತಿ ಕೊಟ್ಟ ಹದಿನೇಳು ಜನರಲ್ಲಿ ಒಬ್ಬ.

ಮೇ 16ರಂದು ಇನ್ನೊಂದು ಗೆಲುವು, ಅರಿಜೋನ ವಿರುದ್ಧ. ಆವತ್ತು ಬ್ಯಾಟನ್ನೂ ಹಿಡಿದು ಒಂದು ಮೆತ್ತನೆಯ ಹೊಡೆತದಲ್ಲಿ ಎರಡು ರನ್ ತಂದ. ಅದಕ್ಕೂ ಅತಿ ಹಿರಿಯನೆಂಬ ದಾಖಲೆ. ಆ ಮೇಲೆ ಸಿನ್ಸಿನಾಟಿಯಲ್ಲಿ ಒಂದೇ ಪಂದ್ಯದಲ್ಲಿ ನಾಲ್ಕು ಹೋಮ್ ರನ್. ಮೇ ತಿಂಗಳು ಮುಗಿಯುವ ಹೊತ್ತಿಗೆ ರಾಕೀಸ್ ಅವನನ್ನು ಬಿಟ್ಟರು. ಇನ್ನೆರಡು ತಂಡಗಳ ಕೆಳದರ್ಜೆಯ ಮೈದಾನಗಳಲ್ಲಿ ಪ್ರಯತ್ನಿಸಿದ. ಕರೆ ಬರಲಿಲ್ಲ.

ಹಾಗಾದರೆ ನಿಧಾನದವನಿಗೂ ಮುಪ್ಪು ಬಂತಲ್ಲ ಎಂದು ನೀವು ಕೇಳಬಹುದು. ಬಂತು. ಎಂಬತ್ತೆರಡು ಮೈಲಿಯ ವೇಗ ಎಪ್ಪತ್ತೆಂಟಾದಾಗ ಬಂತು. ಆ ನಾಲ್ಕು ಮೈಲಿ ಕಳೆಯಲು ವರ್ಷಗಟ್ಟಲೆ ಹಿಡಿಯಿತು. ಫಾಸ್ಟ್‌ಬಾಲಿಗೂ ಚೇಂಜ್‌ಅಪ್ಪಿಗೂ ನಡುವಿನ ಅಂತರ ಕಿರಿದಾದಾಗ ಸುಳ್ಳು ಹೇಳಲು ಜಾಗ ಉಳಿಯಲಿಲ್ಲ. ಸುಳ್ಳಿಗೂ ಒಂದಿಷ್ಟು ನಿಜ ಬೇಕು ನೋಡಿ. ಮುಪ್ಪು ಬರುವುದಿಲ್ಲ ಎಂದು ನಾನು ವಾದಿಸುತ್ತಿಲ್ಲ. ನಿಧಾನದವನ ಮನೆಗೆ ಅದು ಇಪ್ಪತ್ತು ವರ್ಷ ತಡವಾಗಿ ಬರುತ್ತದೆ ಅನ್ನುತ್ತಿದ್ದೇನೆ.

2018ರಲ್ಲಿ ಬೇಸ್‌ಬಾಲಿನ ಹಾಲ್ ಆಫ್ ಫೇಮ್‌ಗೆ ಮತದಾನವಾದಾಗ 269 ಗೆಲುವಿನ ಮೋಯರ್‌ಗೆ ಬಿದ್ದದ್ದು ಹತ್ತು ಮತ. ನೂರಕ್ಕೆ ಐದು ಬೀಳದಿದ್ದರೆ ಪಟ್ಟಿಯಿಂದ ಹೆಸರೇ ಹೋಗುತ್ತದೆ, ಹೋಯಿತು. ಅನ್ಯಾಯವೆಂದು ನಾನು ಹೇಳಲಾರೆ. ಕಾರ್ಲ್‌ಟನ್ ಅಲ್ಲಿದ್ದಾನೆ, ಇರಬೇಕಾದವನೇ. ಮೋಯರ್ ಯಾವ ವರ್ಷವೂ ಎಲ್ಲರಿಗಿಂತ ಶ್ರೇಷ್ಠ ಪಿಚರ್ ಆಗಿರಲಿಲ್ಲ. ಆದರೆ ಆ ಏಪ್ರಿಲ್ ಸಂಜೆಯ ಆಟದ ವಿಡಿಯೊ ಎಲ್ಲಾದರೂ ಸಿಕ್ಕರೆ, ಬೇಸ್‌ಬಾಲ್ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಒಂದು ಕಾಫಿ ಮಾಡಿಕೊಂಡು ಕೂತು ನೋಡಿ. ಪಿಚರನ್ನು ನೋಡುವುದಕ್ಕಿಂತ ಬ್ಯಾಟರುಗಳ ಮುಂಗಾಲು ನೋಡಿ. ಅದು ಎಷ್ಟು ಸಲ ಬೇಗ ಊರುತ್ತದೆ ಎಂದು ಗಮನಿಸಿ.