ಎಣಿಸುವ ಕೋಟೆಯ ಮುಂದೆ

ಎಡಿಸನ್, ನ್ಯೂಜೆರ್ಸಿ
12 ಜುಲೈ 2019, ಶುಕ್ರವಾರ

ಬಂದು ಮೂರು ವಾರವಾಯಿತು. ಇವತ್ತು ಮೊಮ್ಮಗ ಪುಟ್ಟ ತಾನಾಗಿಯೇ ಬಂದು ನನ್ನ ತೊಡೆಯ ಮೇಲೆ ಕೂತ. ಮಾತಿಲ್ಲ. ನನ್ನ ಬಳೆಗಳನ್ನು ಒಂದೊಂದಾಗಿ ಸರಿಸುತ್ತ ಇಂಗ್ಲಿಷಿನಲ್ಲಿ ಎಣಿಸಿದ. ಮುಗಿದ ಮೇಲೆ ನಾನು ಅವನ್ನೇ ಕನ್ನಡದಲ್ಲಿ ಎಣಿಸಿದೆ. ಉಸಿರು ಬಿಗಿಹಿಡಿದು ಕೇಳಿದ.

ಆರು ವರ್ಷದ ಮಗು. ಆಟಿಸಂ ಇದೆ ಎಂದು ಡಾಕ್ಟರು ಹೇಳಿ ಮೂರು ವರ್ಷವಾಗಿದೆ. ಮಿಕ್ಸಿ ಸದ್ದಾದರೆ ಕಿವಿ ಮುಚ್ಚಿಕೊಂಡು ಮೇಜಿನಡಿ ಸೇರಿಬಿಡುತ್ತಾನೆ. ಅವನು ಏಳುವ ಮೊದಲೇ, ಅಡುಗೆಮನೆ ಬಾಗಿಲು ಹಾಕಿಕೊಂಡು ಚಟ್ನಿ ರುಬ್ಬಿಡುತ್ತೇನೆ.

ಬುಧವಾರ ಸೆಸಮೀ ಪ್ಲೇಸ್‌ಗೆ ಹೋಗೋಣ ಅಮ್ಮ ಅಂದಳು ಮಗಳು. ಆಟದ ಯಂತ್ರಗಳು, ಜಾರುಬಂಡೆಗಳು, ನೀರು, ಜನಜಂಗುಳಿ. ಹೋದ ವರ್ಷ ಊರಿನ ಮದುವೆಮನೆಯಲ್ಲಿ ಓಲಗ ಶುರುವಾದಾಗ ಈ ಮಗು ಪಟ್ಟ ಪಾಡು, ನೆಂಟರು ಆಡಿದ ಮಾತು ನೆನಪಾಗಿ ಬೇಡವೇ ಬೇಡ ಅಂದೆ. ನಕ್ಕು ಸುಮ್ಮನಾದಳು.

14 ಜುಲೈ, ಭಾನುವಾರ

ಲೈಬ್ರರಿಯಲ್ಲಿ ಓದಿದ್ದು, ಅಳಿಯಂದಿರು ಹೇಳಿದ್ದು ಎರಡನ್ನೂ ಸೇರಿಸಿ ಬರೆದಿಡುತ್ತೇನೆ.

‘ಸೆಸಮೀ ಸ್ಟ್ರೀಟ್’ ಟೀವಿಯಲ್ಲಿ ಶುರುವಾದದ್ದು 1969ರ ನವೆಂಬರ್ 10ರಂದು. ಇದು ಐವತ್ತನೇ ವರ್ಷ. ಬಡ ಮನೆಗಳ ಮಕ್ಕಳೂ ಶಾಲೆ ಸೇರುವ ಮೊದಲೇ ಅಕ್ಷರ, ಅಂಕಿ ಕಲಿತಿರಲಿ ಎಂದು ಜೋನ್ ಗಾಂಜ್ ಕೂನಿ ಎಂಬಾಕೆ ಜೊತೆಗಾರರನ್ನು ಕಟ್ಟಿಕೊಂಡು ಮಾಡಿದ ಕೆಲಸ. ಗೊಂಬೆಗಳು ಜಿಮ್ ಹೆನ್ಸನ್ ಅವರವು. ಆ ಬೀದಿಯೇ ಸೆಸಮೀ ಪ್ಲೇಸ್ ಎಂಬ ಮಕ್ಕಳ ಉದ್ಯಾನವಾಗಿ ಪೆನ್ಸಿಲ್ವೇನಿಯಾದ ಲ್ಯಾಂಗ್‌ಹಾರ್ನ್‌ನಲ್ಲಿ ಬಾಗಿಲು ತೆರೆದದ್ದು 1980ರ ಜುಲೈ 30ರಂದು. ಜೊತೆಗೂಡಿದ್ದು ಆನ್‌ಹೈಸರ್-ಬುಷ್. ಬಿಯರ್ ಮಾಡುವವರಿಗೂ ಮಕ್ಕಳಿಗೂ ಏನು ನಂಟು ಎಂದು ಕೇಳಿದೆ. ಅವರಿಗೆ ಆಗಲೇ ಬುಷ್ ಗಾರ್ಡನ್ಸ್ ಎಂಬ ದೊಡ್ಡ ಉದ್ಯಾನಗಳಿದ್ದವಂತೆ.

ನನಗೆ ಹಿಡಿಸಿದ್ದು ಆ ಮೊದಲ ದಿನಗಳ ಉದ್ಯಾನ. ಕೂರಿಸಿ ಗಿರಗಿರ ತಿರುಗಿಸುವ ದೊಡ್ಡ ಯಂತ್ರಗಳು ಅಲ್ಲಿರಲಿಲ್ಲ. ಬಲೆ ಹತ್ತುವುದು, ಸುರಂಗದಲ್ಲಿ ತೆವಳುವುದು, ನೇತಾಡುವುದು, ಎಲ್ಲಕ್ಕೂ ಮಗುವಿನ ಕೈಕಾಲೇ ಯಂತ್ರ. ಆ ಆಟಗಳ ಹಿಂದೆ ಎರಿಕ್ ಮೆಕ್‌ಮಿಲನ್ ಎಂಬ ವಿನ್ಯಾಸಕಾರರಿದ್ದರು. ಟೊರಾಂಟೋದ ಒಂಟಾರಿಯೋ ಪ್ಲೇಸ್‌ನಲ್ಲಿ 1972ರಲ್ಲಿ ಮಕ್ಕಳ ಹಳ್ಳಿ ಕಟ್ಟಿದವರೂ ಇವರೇ. ಈಗ ನಮ್ಮ ಬೆಂಗಳೂರಿನ ಮಾಲ್‌ಗಳಲ್ಲೂ ಪ್ಲಾಸ್ಟಿಕ್ ಚೆಂಡುಗಳ ಕೊಳ ಇರುತ್ತದಲ್ಲ, ಅದು ಇವರ ತಲೆಯಲ್ಲಿ ಹುಟ್ಟಿದ್ದು. ಮನೆಗಳಲ್ಲಿ ಕಂಪ್ಯೂಟರ್ ಅಪರೂಪವಾಗಿದ್ದ ಆ ಕಾಲದಲ್ಲಿ ಮಕ್ಕಳು ಮುಟ್ಟಿ ಆಡಲೆಂದು ಸೆಸಮೀ ಪ್ಲೇಸ್‌ನಲ್ಲಿ ಕಂಪ್ಯೂಟರ್‌ಗಳನ್ನೂ ಇಟ್ಟಿದ್ದರು. ಟೆಕ್ಸಾಸಿನ ಅರ್ವಿಂಗ್‌ನಲ್ಲಿ ಇನ್ನೊಂದು ಉದ್ಯಾನ 1982ರಲ್ಲಿ ತೆರೆದು, ಹೆಚ್ಚು ದಿನ ನಡೆಯದೆ ಮುಚ್ಚಿತು. ಲ್ಯಾಂಗ್‌ಹಾರ್ನ್‌ನಲ್ಲಿ ಮಾತ್ರ ಕಾಲಕ್ರಮೇಣ ನೀರಿನ ಜಾರುಬಂಡೆಗಳೂ ಯಂತ್ರಗಳೂ ಬಂದು ಸೇರಿದವು.

ಮಗಳು ನಕ್ಕದ್ದು ಯಾಕೆಂದು ಇವತ್ತು ಗೊತ್ತಾಯಿತು. ಹೋದ ವರ್ಷ, 2018ರ ಏಪ್ರಿಲ್‌ನಲ್ಲಿ, ಆಟಿಸಂ ಇರುವ ಮಕ್ಕಳಿಗೆ ಅನುಕೂಲ ಮಾಡಿ ಅದಕ್ಕೆ ಅಧಿಕೃತ ಮನ್ನಣೆ ಪಡೆದ ಜಗತ್ತಿನ ಮೊದಲ ಥೀಮ್ ಪಾರ್ಕ್ ಇದು.

17 ಜುಲೈ, ಬುಧವಾರ, ರಾತ್ರಿ

ಮುಕ್ಕಾಲು ಗಂಟೆಯ ದಾರಿ. ಡೆಲವೇರ್ ನದಿ ದಾಟಿದರೆ ಪೆನ್ಸಿಲ್ವೇನಿಯಾ.

ಮಗಳು ಫೋನಿನಲ್ಲಿ ಒಂದು ಪಟ್ಟಿ ತೋರಿಸಿದಳು. ಪ್ರತಿ ಆಟದ ಮುಂದೆ ಐದು ಅಂಕಿ: ಸ್ಪರ್ಶ, ರುಚಿ, ಶಬ್ದ, ವಾಸನೆ, ನೋಟ. ಒಂದು ಅಂದರೆ ಕಡಿಮೆ, ಹತ್ತು ಅಂದರೆ ಜಾಸ್ತಿ. ಎಲ್ಲಿ ಸದ್ದು ಹೆಚ್ಚು, ಎಲ್ಲಿ ಬೆಳಕು ಕುಕ್ಕುತ್ತದೆ ಎಂಬುದು ಮೊದಲೇ ಗೊತ್ತಾಗುತ್ತದೆ. ಪುಟ್ಟನಿಗೆ ಅಂಕಿಯೆಂದರೆ ಪ್ರಾಣ. ದಾರಿಯುದ್ದಕ್ಕೂ ಅದನ್ನೇ ಓದಿದ.

ಒಳಗೆ ಟೀವಿಯ ಬೀದಿಯನ್ನೇ ಎಬ್ಬಿಸಿ ನಿಲ್ಲಿಸಿದ್ದಾರೆ. 123ನೇ ನಂಬರಿನ ಮನೆಯ ಮೆಟ್ಟಿಲ ಮೇಲೆ ಕೂತವನು ಹೊರಡಲೇ ಒಲ್ಲ. ಬಿಗ್ ಬರ್ಡ್ ಹೆಸರಿನ ನಿಧಾನ ಹರಿಯುವ ಕಾಲುವೆಯಲ್ಲಿ ಅಪ್ಪನ ಜೊತೆ ಟ್ಯೂಬಿನಲ್ಲಿ ತೇಲಿದ. ಹೋದ ವರ್ಷ ಬಂದ ಆಸ್ಕರನ ಟ್ಯಾಕ್ಸಿ ಎಂಬ ಮರದ ರೋಲರ್ ಕೋಸ್ಟರ್ ಗಡಗಡ ಅನ್ನುತ್ತಿತ್ತು; ಆ ಕಡೆ ಹೋಗಲಿಲ್ಲ.

ಆಮೇಲೆ ಕೌಂಟ್‌ನ ಕೋಟೆ. ಕೌಂಟ್ ಎಂದರೆ ಕಂಡದ್ದನ್ನೆಲ್ಲ ಎಣಿಸುವ ಗೊಂಬೆ, ಪುಟ್ಟನಿಗೆ ಅಚ್ಚುಮೆಚ್ಚು. ಕೋಟೆಯ ನೆತ್ತಿಯಲ್ಲಿ ದೊಡ್ಡ ಬಕೆಟ್. ತುಂಬುತ್ತಲೇ ಬಗ್ಗಿ ಧೋ ಎಂದು ಸುರಿಯುತ್ತದೆ. ಮಕ್ಕಳೆಲ್ಲ ಕಿರುಚಿದರು. ಪುಟ್ಟ ಕಿವಿ ಮುಚ್ಚಿಕೊಂಡು ನೆಲಕ್ಕೆ ಕುಸಿದ. ನನ್ನ ಎದೆ ಹೊಡೆದುಕೊಂಡಿತು.

ಯಾರೂ ಗುಂಪುಗೂಡಲಿಲ್ಲ. ಇಂಥ ಮಕ್ಕಳಿಗೆಂದೇ ಅಲ್ಲಿದ್ದ ಶಾಂತ ಕೋಣೆಗೆ ಕರೆದೊಯ್ದೆವು. ಜೊತೆಗೆ ಬಂದ ಉದ್ಯಾನದ ಸಿಬ್ಬಂದಿ ಹುಡುಗಿ ದೀಪ ತಗ್ಗಿಸಿ, ತುಸು ದೂರದಲ್ಲಿ ನೆಲದ ಮೇಲೆಯೇ ಕೂತಳು. ಏನಾಯಿತು ಎಂದು ಕೇಳಲಿಲ್ಲ, ಸಮಾಧಾನ ಹೇಳಲಿಲ್ಲ, ಕಾದಳು. ಸುಮಾರು ಇಪ್ಪತ್ತು ನಿಮಿಷದ ಮೇಲೆ ಪುಟ್ಟ ತಾನೇ ಎದ್ದ. ಅವರು ಕೊಟ್ಟ, ಸದ್ದು ತಡೆಯುವ ಹೆಡ್‌ಫೋನ್ ಹಾಕಿಕೊಂಡು ಮತ್ತೆ ಕೋಟೆಯ ಕಡೆಗೇ ನಡೆದ.

ದೂರ ನಿಂತು ಬಕೆಟ್ ತುಂಬುವುದನ್ನು ಎಣಿಸತೊಡಗಿದ. ಒಂದು, ಎರಡು, ಮೂರು... ಕನ್ನಡದಲ್ಲಿ. ಹತ್ತರ ಮುಂದೆ ಅವನಿಗೆ ಬಾರದು, ಮತ್ತೆ ಒಂದರಿಂದ. ನೀರು ಸುರಿಯಿತು. ಅವನು ಅಲುಗಲಿಲ್ಲ. ಯಾವಾಗ ಸುರಿಯುತ್ತದೆಂದು ಈಗ ಅವನಿಗೆ ಗೊತ್ತಿತ್ತು.

ಕಾರಿನಲ್ಲಿ ಮೊಸರನ್ನ ತಿಂದು ಮಲಗಿದ. ಮಗಳು ದಾರಿಯುದ್ದಕ್ಕೂ ನನ್ನ ಕೈ ಹಿಡಿದಿದ್ದಳು.

18 ಜುಲೈ, ಗುರುವಾರ

ರಾತ್ರಿ ನಿದ್ದೆ ಬರಲಿಲ್ಲ. ಮೂರನೇ ಕ್ಲಾಸಿನಲ್ಲಿದ್ದ ಒಬ್ಬ ಹುಡುಗ ನೆನಪಾದ. ಗಂಟೆ ಹೊಡೆದರೆ, ಪ್ರಾರ್ಥನೆಗೆ ಎಲ್ಲರೂ ದನಿಯೆತ್ತಿದರೆ, ಕಿವಿ ಮುಚ್ಚಿಕೊಳ್ಳುತ್ತಿದ್ದ. ಕೈ ತೆಗೆಯೋ ಎಂದು ಗದರಿದ್ದೇನೆ. ಒಂದು ದಿನ ಬಾಗಿಲ ಹೊರಗೆ ನಿಲ್ಲಿಸಿದ್ದೇನೆ, ಗಂಟೆಯ ಪಕ್ಕದಲ್ಲೇ. ಮೂವತ್ತೆರಡು ವರ್ಷ ಪಾಠ ಹೇಳಿದವಳು ನಾನು. ಆ ಮಗುವಿಗೆ ಸದ್ದು ನೋಯುತ್ತದೆ ಎಂದು ನನಗೆ ತಿಳಿಯಲಿಲ್ಲ. ತಪ್ಪು ನನ್ನದೇ.

ಸೆಸಮೀ ಬೀದಿಗೆ ಜೂಲಿಯಾ ಎಂಬ ಆಟಿಸಂ ಇರುವ ಹುಡುಗಿಯ ಗೊಂಬೆ ಟೀವಿಯಲ್ಲಿ ಬಂದದ್ದು 2017ರಲ್ಲಿ. ಅದನ್ನು ಆಡಿಸುವ ಸ್ಟೇಸಿ ಗಾರ್ಡನ್ ಅವರ ಸ್ವಂತ ಮಗನಿಗೂ ಆಟಿಸಂ ಇದೆ. ಒಬ್ಬ ತಾಯಿಗೆ ಗೊತ್ತಿದ್ದದ್ದು ಹೀಗೆ ಲೋಕಕ್ಕೆಲ್ಲ ಗೊತ್ತಾಯಿತು.

ಬೆಳಿಗ್ಗೆ ಪುಟ್ಟನಿಗೆ ಹನ್ನೊಂದು, ಹನ್ನೆರಡು ಹೇಳಿಕೊಟ್ಟೆ.

ಸೆಪ್ಟೆಂಬರ್‌ನಲ್ಲಿ ಊರಿಗೆ ಹೋದ ಕೂಡಲೇ ಹೆಡ್‌ಮಿಸ್ ಹತ್ತಿರ ಮಾತಾಡಬೇಕು. ನಮ್ಮ ಶಾಲೆಯ ಹಿಂಭಾಗದಲ್ಲಿ ಹಳೇ ಬೆಂಚು ತುಂಬಿದ ಕೋಣೆಯೊಂದಿದೆ. ಗಂಟೆಯಿಂದ ದೂರ, ಒಂದು ಕಿಟಕಿಯೂ ಇದೆ.